ಕೆನಾಲ್ ಬೀದಿಯ ಬೆಂಕಿಯನ್ನು ಆರಿಸಿದವರ ಬಗ್ಗೆ

ಕ್ರೈಡರ್ಸ್ ಗ್ಯಾಪ್ ಸ್ವಯಂಸೇವಕ ಅಗ್ನಿಶಾಮಕ ದಳದ ಆಡಳಿತ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಮಗಳು ಮಾರ್ಲಾ ನಿಮ್ಮ ದಳಕ್ಕೆ ಸೇರಲು ಹಾಕಿದ್ದ ಅರ್ಜಿಯನ್ನು ತಿರಸ್ಕರಿಸಿ ನೀವು ಏಪ್ರಿಲ್ ಹನ್ನೆರಡರಂದು ಬರೆದ ಪತ್ರ ನಮ್ಮ ಮನೆಗೆ ತಲುಪಿದೆ. ಒಂದೇ ಪುಟದ ಪತ್ರ. ಅದರಲ್ಲಿ ಮೂರು ಕಾರಣಗಳಿವೆ, ಎರಡು ಕಾಗುಣಿತದ ತಪ್ಪುಗಳಿವೆ, ಒಂದು ಸುಳ್ಳಿದೆ. ಕಾಗುಣಿತದ ತಪ್ಪುಗಳನ್ನು ನಾನು ಆಗಲೇ ಕ್ಷಮಿಸಿದ್ದೇನೆ. ಕಾರಣಗಳನ್ನು ಓದಿ ಮನೆಮಂದಿಯೆಲ್ಲ ನಕ್ಕೆವು. ಸುಳ್ಳಿನ ಬಗ್ಗೆ ಮಾತ್ರ ನಿಮಗೆ ಮೂರು ಸಲ ಖಾಸಗಿಯಾಗಿ ಬರೆದೆ. ಮೂರಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಕಣಿವೆಯ ವಾರಪತ್ರಿಕೆಯ ಮೂಲಕ, ಊರಿನವರೆಲ್ಲರ ಕಣ್ಣೆದುರಿಗೆ, ನಿಮಗೆ ತಲುಪಿಸುತ್ತಿದ್ದೇನೆ. ನೀವು ಪತ್ರಿಕೆಯನ್ನು ಕೊನೆಯ ಪುಟದಿಂದ ಓದುವವರೆಂದು ಕೇಳಿ, ಸಂಪಾದಕರಿಗೆ ಇದನ್ನು ಬೇಸ್‌ಬಾಲ್ ಫಲಿತಾಂಶದ ಪಕ್ಕದಲ್ಲೇ ಹಾಕಿ ಎಂದು ಕೇಳಿಕೊಂಡಿದ್ದೇನೆ.

ಮೊದಲು ಕಾರಣಗಳು. ಹೆಂಗಸರಿಗೆ ಈ ಕೆಲಸಕ್ಕೆ ಬೇಕಾದ ದೇಹಬಲ ಇಲ್ಲ ಎನ್ನುವುದು ಒಂದು. ಮಾರ್ಲಾ ಊರಿನ ದಾಣಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಐವತ್ತು ಪೌಂಡಿನ ಮೂಟೆಗಳನ್ನು ಬೆಳಗಿನಿಂದ ಸಂಜೆಯವರೆಗೆ ಎತ್ತುತ್ತಾಳೆ. ಮಾರ್ಚ್ ತಿಂಗಳಲ್ಲಿ ನಿಮ್ಮದೇ ಟ್ರಕ್ಕಿಗೆ ಆರು ಮೂಟೆ ಏರಿಸಿದವಳು ಅವಳು. ಆಗ ನೀವು ಟ್ರಕ್ಕಿನೊಳಗೆ ಕೂತು ಕಿಟಕಿಯಿಂದ, "ಬೇಗ ಆಗ್ಲಿ, ನನ್ನ ಸೊಂಟ ಸರಿ ಇಲ್ಲ" ಎಂದಿರಂತೆ. ನಿಮ್ಮ ಸೊಂಟಕ್ಕೆ ಬೇಗ ಗುಣವಾಗಲಿ. ನೀವೇ ಇಟ್ಟ ಪರೀಕ್ಷೆಯಲ್ಲಿ ಅವಳು ನೀರು ತುಂಬಿದ ಕೊಳವೆಯನ್ನು ನೂರು ಅಡಿ ಎಳೆದಳು, ಏಣಿ ಹತ್ತಿದಳು, ಮರಳಿನ ಚೀಲ ಹೊತ್ತು ಇಳಿದಳು. ಅದೇ ದಿನ ಪರೀಕ್ಷೆಗೆ ಬಂದಿದ್ದ ಮೂವರು ಯುವಕರಲ್ಲಿ ಒಬ್ಬ ಬೆಂಕಿ ಆರಿಸುವ ಎಂಜಿನ್ನಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಅವನನ್ನು ನೀವು ಸೇರಿಸಿಕೊಂಡಿದ್ದೀರಿ. ಒಳ್ಳೆಯ ಹುಡುಗ, ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವನು, ಆಗಲೂ ತಿರುವುಗಳಲ್ಲಿ ಅವನಿಗೆ ಹಾಗೇ ಆಗುತ್ತಿತ್ತು.

ಎರಡನೆಯದು, ದಳದ ಕಟ್ಟಡದಲ್ಲಿ ಒಂದೇ ಶೌಚಾಲಯ ಇದೆಯೆಂಬುದು. ನಮ್ಮ ಮನೆಯಲ್ಲೂ ಒಂದೇ ಇದೆ. ಇಪ್ಪತ್ತಾರು ವರ್ಷಗಳಿಂದ ಗಂಡು ಹೆಣ್ಣು ಎಲ್ಲರೂ ಬಾಗಿಲು ಹಾಕಿಕೊಳ್ಳುವುದೆಂಬ ಉಪಾಯದಿಂದ ನಿಭಾಯಿಸಿದ್ದೇವೆ. ನಿಮ್ಮ ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಒಂದನ್ನು ನಾನೇ ತಂದು ಹಾಕಿಸುತ್ತೇನೆ.

ಮೂರನೆಯ ಕಾರಣ ನನಗೆ ಬಹಳ ಇಷ್ಟವಾಯಿತು. "ಸದಸ್ಯರ ಪತ್ನಿಯರಿಗೆ ಇದು ಸಮ್ಮತವಾಗಲಾರದು" ಎಂದು ಬರೆದಿದ್ದೀರಿ. ಮಾನ್ಯರೇ, ನಾನೂ ಒಬ್ಬ ಸದಸ್ಯರ ಪತ್ನಿ. ನನ್ನ ಗಂಡ ಕ್ಲೇರ್ ನಿಮ್ಮ ದಳದಲ್ಲಿ ಹತ್ತೊಂಬತ್ತು ವರ್ಷಗಳಿಂದ ಪಂಪು ನಡೆಸುತ್ತಿದ್ದಾನೆ. ನನ್ನ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ದಳದ ಊಟೋಪಚಾರ ನೋಡಿಕೊಳ್ಳುವ ಮಹಿಳಾ ಸಹಾಯಕ ಸಂಘದ ಮೂವತ್ತೊಂದು ಸದಸ್ಯೆಯರನ್ನೂ ಕೇಳಿನೋಡಿದೆ, ಅವರನ್ನೂ ಯಾರೂ ಕೇಳಿಲ್ಲ. ಹಾಗಾದರೆ ಅಸಮ್ಮತಿ ತೋರಿದ ಆ ಪತ್ನಿಯರು ಯಾವ ಊರಿನವರು?

ಇನ್ನು ಸುಳ್ಳು. ಅದನ್ನು ನಿಮ್ಮ ಮಾತಿನಲ್ಲೇ ಕೊಡುತ್ತೇನೆ: "ದಳದ ತೊಂಬತ್ತೊಂದು ವರ್ಷಗಳ ಇತಿಹಾಸದಲ್ಲಿ ಯಾವುದೇ ಮಹಿಳೆ ಬೆಂಕಿ ಆರಿಸುವ ಕಾರ್ಯದಲ್ಲಿ ಭಾಗವಹಿಸಿದ ದಾಖಲೆ ಇಲ್ಲವಾದ್ದರಿಂದ, ಈ ಪದ್ಧತಿಯನ್ನು ಬದಲಿಸಲು ಮಂಡಳಿಗೆ ಕಾರಣ ಕಂಡುಬಂದಿಲ್ಲ."

ಈ ವರ್ಷ ದೇಶದ ಸ್ವಾತಂತ್ರ್ಯಕ್ಕೆ ಇನ್ನೂರು ತುಂಬುತ್ತಿರುವುದರಿಂದ ಎಲ್ಲರಿಗೂ ಇತಿಹಾಸದ ಹುಚ್ಚು ಹಿಡಿದಿದೆ. ನೀವು ಬೆಂಕಿ ಬಿದ್ದಾಗ ನೀರು ಹಿಡಿಯುವ, ಬೀದಿಬೀದಿಯ ನೀರಿನ ಕಂಬಗಳಿಗೆಲ್ಲ ಕೆಂಪು ಬಿಳಿ ನೀಲಿ ಬಣ್ಣ ಹೊಡೆಸಿ, ಕಣ್ಣು ಮೀಸೆ ಬರೆಸಿ, ಸ್ವಾತಂತ್ರ್ಯ ಯುದ್ಧದ ಸಿಪಾಯಿಗಳನ್ನಾಗಿ ಮಾಡಿದ್ದೀರಿ. ನಮ್ಮ ಊರಿನಲ್ಲಿ ನಲವತ್ತೆರಡು ಕಂಬಗಳಿವೆ, ನಲವತ್ತೆರಡೂ ಗಂಡಸರು. ನನಗೆ ಬೇಸರವಿಲ್ಲ, ಚಂದವಾಗಿಯೇ ಕಾಣುತ್ತವೆ. ಆದರೆ ಇತಿಹಾಸದ ಮಾತು ಎತ್ತಿದವರು ನೀವಾದ್ದರಿಂದ ನಮ್ಮ ಮನೆಯ ಇತಿಹಾಸವನ್ನೂ ಸ್ವಲ್ಪ ಕೇಳಬೇಕಾಗುತ್ತದೆ. ಅದರ ಬಹುಪಾಲು ನಿಮ್ಮ ಕಟ್ಟಡದೊಳಗೇ ನಡೆದಿದೆ.

ನನ್ನ ಅಜ್ಜಿ ಸಲೋಮಾ ಆ ಕಟ್ಟಡಕ್ಕೆ ಮೊದಲ ಸಲ ಕಾಲಿಟ್ಟಿದ್ದು 1920ರ ನವೆಂಬರಿನಲ್ಲಿ. ಹೆಂಗಸರಿಗೆ ಮತದ ಹಕ್ಕು ಬಂದ ವರ್ಷ. ಮತಗಟ್ಟೆ ಆಗಲೂ ಅಗ್ನಿಶಾಮಕ ದಳದ ಕಟ್ಟಡದಲ್ಲೇ ಇತ್ತು. ಅಜ್ಜ ಗಾಡಿಯಲ್ಲಿ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಯಾರಿಗೆ ಮತ ಹಾಕಬೇಕೆಂದು ಹೇಳಿಕೊಟ್ಟರಂತೆ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, ಒಳಗೆ ಹೋಗಿ ತನಗೆ ತೋಚಿದವರಿಗೆ ಹಾಕಿ ಬಂದಳು. ಅವಳು ಚೀಟಿಯನ್ನು ಪೆಟ್ಟಿಗೆಗೆ ಹಾಕಿ ತಿರುಗುವಷ್ಟರಲ್ಲಿ ಅಲ್ಲಿದ್ದ ಅಧಿಕಾರಿ ಅವಳ ಕೈಗೆ ಪೊರಕೆ ಕೊಟ್ಟು, "ನೀವು ಹೆಂಗಸರು ಬಂದಿದ್ದಕ್ಕೆ ನೆಲ ಎಲ್ಲ ಕೆಸರಾಯ್ತು, ಹಾಗೇ ಒಂದು ಸಲ ಗುಡಿಸಿಬಿಡಿ" ಎಂದನಂತೆ. ಅಜ್ಜಿ ಗುಡಿಸಿದಳು. ಮರುವರ್ಷ ಮಹಿಳಾ ಸಹಾಯಕ ಸಂಘ ಹುಟ್ಟಿತು. ನಮ್ಮ ಸಂಘದ ಸ್ಥಾಪನೆಯ ಕಥೆಯನ್ನು ನೀವು ಪ್ರತಿವರ್ಷ ಭಾಷಣದಲ್ಲಿ "ಸೇವೆಯ ಕರೆ" ಎಂದು ವರ್ಣಿಸುತ್ತೀರಿ. ಕರೆ ಬಂದದ್ದು ಹೀಗೆ.

ನನ್ನ ಅಮ್ಮ ಓಟಿಲಿ ಯುದ್ಧದ ಕಾಲದಲ್ಲಿ ನದಿಯಾಚೆಯ ಎರಕದ ಕಾರ್ಖಾನೆಯಲ್ಲಿ ಮೂರು ವರ್ಷ ಕ್ರೇನ್ ಓಡಿಸಿದಳು. ಕಾದ ಕಬ್ಬಿಣ ತುಂಬಿದ ಕೊಪ್ಪರಿಗೆಯನ್ನು ಐವತ್ತು ಜನರ ತಲೆಯ ಮೇಲಿಂದ ಸಾಗಿಸುವ ಕೆಲಸ. ಒಂದು ಹನಿ ಚೆಲ್ಲಲಿಲ್ಲ. 1945ರ ಆಗಸ್ಟಿನಲ್ಲಿ ಯುದ್ಧ ಮುಗಿದ ವಾರವೇ ಹೆಂಗಸರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೂ ಕಸೂತಿ ಹಾಕಿದ ಕರವಸ್ತ್ರ ಕೊಟ್ಟು, "ಇನ್ನು ಮನೆಗೆ ಹೋಗಿ ಸುಧಾರಿಸಿಕೊಳ್ಳಿ" ಎಂದು ಕಳಿಸಿದರು. ಅಮ್ಮ ಮನೆಗೆ ಬಂದು ಆ ಕರವಸ್ತ್ರದಿಂದ ಒಲೆಯ ಮಸಿ ಒರೆಸಿ, "ನನಗೇನೂ ಆಯಾಸ ಆಗಿರಲಿಲ್ಲ" ಎಂದಳು. ಅಷ್ಟೇ ಹೇಳಿದ್ದು. ಅದೇ ಚಳಿಗಾಲ ಅಂಗಿ ಕಾರ್ಖಾನೆಗೆ ಗುಂಡಿ ಹೊಲಿಯಲು ಸೇರಿದಳು. ಕ್ರೇನಿನ ಮಾತನ್ನು ಮತ್ತೆ ಎತ್ತಲಿಲ್ಲ. ಕೇಳಿದರೆ, "ಅದೆಲ್ಲ ಆಗಿನ ಕಾಲ" ಎನ್ನುತ್ತಿದ್ದಳು. ಆಗ ನನಗೆ ಇಪ್ಪತ್ತು ವರ್ಷ. ಅಮ್ಮ ಯಾಕೆ ಸುಮ್ಮನಾದಳು ಎಂದು ನನಗೆ ಸಿಟ್ಟು ಬರುತ್ತಿತ್ತು. ಈಗ ನನಗೇ ಐವತ್ತೊಂದು, ಸಿಟ್ಟು ಬೇರೆ ಕಡೆಗೆ ತಿರುಗಿದೆ.

ನನ್ನ ವಿಷಯ ನಿಮಗೆ ಗೊತ್ತೇ ಇದೆ. ಹದಿನೇಳು ವರ್ಷಗಳಿಂದ ಶಾಲಾ ಬಸ್ಸು ಓಡಿಸುತ್ತಿದ್ದೇನೆ. ಮೊದಮೊದಲು ಹೆಂಗಸಿಗೆ ಅಷ್ಟು ದೊಡ್ಡ ಗಾಡಿಯೇ ಎಂದು ಜನ ಹುಬ್ಬೇರಿಸಿದ್ದರು. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಮಾತ್ರ ಇರುವ ಕೆಲಸಕ್ಕೆ ಗಂಡಸರು ಯಾರೂ ಬರುವುದಿಲ್ಲವೆಂದು ತಿಳಿದ ಮೇಲೆ ಹುಬ್ಬುಗಳು ಇಳಿದವು. ಹಿಮ ಬಿದ್ದ ಬೆಟ್ಟದ ರಸ್ತೆಯಲ್ಲಿ ಊರಿನ ಅರವತ್ತು ಮಕ್ಕಳನ್ನು ನನ್ನ ಕೈಗೆ ಒಪ್ಪಿಸಲು ನಿಮಗೆ ಎಂದೂ ಅಂಜಿಕೆಯಾಗಲಿಲ್ಲ. ನಿಮ್ಮ ಮಕ್ಕಳಿಬ್ಬರೂ ಅದರಲ್ಲಿದ್ದರು. ಎಂಜಿನ್ನಿನ ಐನೂರು ಗ್ಯಾಲನ್ ನೀರನ್ನು ಒಪ್ಪಿಸುವುದಕ್ಕೆ ಮಾತ್ರ ಇಷ್ಟೊಂದು ಯೋಚನೆ.

ಈಗ 1964ರ ಜಿಂಕೆ ಬೇಟೆಯ ಮೊದಲ ದಿನಕ್ಕೆ ಬರೋಣ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ. ಆ ದಿನ ನಮ್ಮ ಕಣಿವೆಯಲ್ಲಿ ಶಾಲೆಗೆ ರಜೆ, ಅಂಗಡಿಗಳಿಗೆ ಬೀಗ, ಬಂದೂಕು ಹಿಡಿಯಬಲ್ಲ ಗಂಡಸರೆಲ್ಲ ಬೆಳಕು ಹರಿಯುವ ಮುಂಚೆಯೇ ಬೆಟ್ಟದಲ್ಲಿ. ಸಂಜೆ ಅವರು ಮರಳುವಷ್ಟರಲ್ಲಿ ದಳದ ಕಟ್ಟಡದಲ್ಲಿ ಬೇಟೆಯ ಊಟ ಸಿದ್ಧವಿರಬೇಕು. ಬೆಳಿಗ್ಗೆ ಹತ್ತೂವರೆಗೆ ಅಲ್ಲಿನ ಅಡುಗೆಮನೆಯಲ್ಲಿ ನಾವು ಒಂಬತ್ತು ಹೆಂಗಸರಿದ್ದೆವು. ಸಂಘದ ಅಧ್ಯಕ್ಷೆ ವೆರ್ನಾ ಗೆರಿಂಗರ್ ಹಿಟ್ಟು ಲಟ್ಟಿಸುತ್ತಿದ್ದಳು. ಅಲ್ವೀನಾ ಫ್ರೈ ಇಪ್ಪತ್ತು ಕೋಳಿ ಬೇಯಿಸಲು ಇಟ್ಟಿದ್ದಳು. ನಾನು ಆಲೂಗಡ್ಡೆ ಹೆಚ್ಚುತ್ತಿದ್ದೆ. ಗೋಡೆಯ ಫೋನು ಹೊಡೆದುಕೊಂಡಿತು. ವೆರ್ನಾ ಹಿಟ್ಟಿನ ಕೈಯಲ್ಲೇ ಎತ್ತಿ, ಕೇಳಿ, ಇಟ್ಟಳು.

"ಕೆನಾಲ್ ಬೀದಿ. ಆಮೋಸಜ್ಜನ ಅಡುಗೆಮನೆ ಹತ್ತಿಕೊಂಡಿದೆಯಂತೆ. ಒಲೆಯ ಹೊಗೆ ಕೊಳವೆ ಕೆಂಪಗಾಗಿ ಚಾವಣಿಗೆ ಬೆಂಕಿ ಹಿಡಿದಿದೆ."

ಕೆನಾಲ್ ಬೀದಿಯ ಆ ಸಾಲು ನಿಮಗೆ ಗೊತ್ತು: ಒಂದಕ್ಕೊಂದು ಅಂಟಿಕೊಂಡ ಆರು ಮರದ ಮನೆಗಳು. ಆಮೋಸಜ್ಜನಿಗೆ ಎಂಬತ್ತೊಂದು ವರ್ಷ, ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ವೆರ್ನಾ ಸೈರನ್ ಒತ್ತಿದಳು. ಕಣಿವೆಯ ತುಂಬ ಅದು ಕೂಗಿತು. ನಾವು ಬಾಗಿಲಲ್ಲಿ ನಿಂತು ಕಾದೆವು. ಬಂದವರು ಇಬ್ಬರು. ಎಪ್ಪತ್ನಾಲ್ಕು ವರ್ಷದ ಕ್ಷೌರಿಕ ಹಾರ್ಪ್‌ಸ್ಟರ್, ಅವರಿಗೆ ಉಬ್ಬಸ, ಬಾಗಿಲವರೆಗೆ ನಡೆದದ್ದಕ್ಕೇ ಕುರ್ಚಿ ಬೇಕಾಯಿತು. ಇನ್ನೊಬ್ಬರು ಲುಥೆರನ್ ಚರ್ಚಿನ ಪಾದ್ರಿಗಳು, ದಳದ ಧಾರ್ಮಿಕ ಸಲಹೆಗಾರರು. ಎಂಜಿನ್ ಓಡಿಸಲು ಬರುತ್ತದೆಯೇ ಎಂದು ವೆರ್ನಾ ಕೇಳಿದಳು. ತಮ್ಮ ಕಾರಿನಲ್ಲಿ ಕ್ಲಚ್ ಎಂಬುದೇ ಇಲ್ಲವೆಂದು ಪಾದ್ರಿಗಳು ತಪ್ಪೊಪ್ಪಿಕೊಂಡರು.

ವೆರ್ನಾ ನನ್ನ ಕಡೆ ತಿರುಗಿದಳು. "ಲೊರೇನಾ, ದಿನಾ ಅರವತ್ತು ಮಕ್ಕಳ ಬಸ್ಸು ಓಡಿಸ್ತೀಯ. ಇದು ಓಡಿಸೋಕೆ ಏನು ಕಷ್ಟ?"

"ಇದ್ರಲ್ಲಿ ಯಾರೂ ಹಿಂದಿನಿಂದ ನನ್ನ ಕೂದಲಿಗೆ ಚೂಯಿಂಗ್ ಗಮ್ ಅಂಟಿಸಲ್ಲ, ಅಷ್ಟೇ ವ್ಯತ್ಯಾಸ" ಎಂದೆ. ಏಪ್ರನ್ನಿಗೆ ಕೈ ಒರೆಸಿಕೊಂಡು ಚಾಲಕನ ಸೀಟಿಗೆ ಹತ್ತಿದೆ.

ಪಾದ್ರಿಗಳು ಅಡ್ಡ ಬಂದರು. "ಆದರೆ ನಮಗೆ ಅನುಮತಿ ಇದೆಯೇ?"

"ಪಾದ್ರಿಗಳೇ, ಮೇಲಿನವನ ಹತ್ರ ನೀವು ಕೇಳ್ತಿರಿ, ನಾವು ಹೊರಟಿರ್ತೀವಿ" ಎಂದು ವೆರ್ನಾ ಏಪ್ರನ್ನಿನ ಮೇಲೆಯೇ ಗಂಡಸರ ಕೋಟು ಹಾಕಿಕೊಂಡಳು. ಅಲ್ವೀನಾ ಹಿಂದಿನ ಮೆಟ್ಟಿಲು ಹತ್ತಿ ನಿಂತಳು. ಬಾಗಿಲು ದಾಟಿಸುವಾಗ ಎಂಜಿನ್ನಿನ ಬಲಗಡೆಯ ಮಡ್‌ಗಾರ್ಡ್ ಬಾಗಿಲ ಕಂಬಕ್ಕೆ ತಾಗಿತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಬಸ್ಸಿಗಿಂತ ಅದು ಅರ್ಧ ಅಡಿ ಅಗಲ.

ಇವರಿಗೆ ಪಂಪು ನಡೆಸಲು ಹೇಗೆ ಬಂತು ಎಂದು ನೀವು ಕೇಳಬಹುದು. ಕೇಳಬೇಕಿತ್ತು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ಏಳು ವರ್ಷ ಹಿಂದೆ ಕ್ಲೇರ್ ಪಂಪಿನ ಪರೀಕ್ಷೆಗೆ ಓದುವಾಗ, ಒಂದು ತಿಂಗಳು ಪ್ರತಿ ಸಂಜೆ ನಾನು ಕೈಪಿಡಿ ಹಿಡಿದು ಪ್ರಶ್ನೆ ಕೇಳಿದ್ದೆ, ಅವನು ಉತ್ತರ ಹೇಳಿದ್ದ. ಅವನು ತಪ್ಪಿದಾಗಲೆಲ್ಲ ಸರಿಯಾದದ್ದನ್ನು ನಾನು ಓದಿ ಹೇಳಬೇಕಿತ್ತು. ಅವನು ಬಹಳ ಸಲ ತಪ್ಪಿದ್ದ. ಹೀಗಾಗಿ ಕೈಪಿಡಿ ನನಗೆ ಬಾಯಿಪಾಠ. ಕೊಳವೆಗಳ ವಿಷಯಕ್ಕೆ ಬಂದರೆ, ಪ್ರತಿ ಬೆಂಕಿಯ ನಂತರ ಅವನ್ನು ತೊಳೆದು, ಒಣಗಿಸಿ, ಮಡಚಿ ಎಂಜಿನ್ನಿನಲ್ಲಿ ಇಡುತ್ತಿದ್ದವಳು ಅಲ್ವೀನಾ. ಯಾವ ಕೊಳವೆ ಎಲ್ಲಿದೆ, ಯಾವುದು ಎಲ್ಲಿ ಸೋರುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ನಿಮ್ಮ ಯಾವ ಸದಸ್ಯನಿಗೂ ಗೊತ್ತಿರಲಿಲ್ಲ.

ಕೆನಾಲ್ ಬೀದಿಯಲ್ಲಿ ಅಡುಗೆಮನೆಯ ಕಿಟಕಿಯಿಂದ ಕಪ್ಪು ಹೊಗೆ ಬರುತ್ತಿತ್ತು. ನಾನು ಗಾಡಿ ನಿಲ್ಲಿಸಿ, ಮನಸ್ಸಿನಲ್ಲಿ ಕ್ಲೇರ್‌ಗೆ ಪ್ರಶ್ನೆ ಕೇಳಿ, ನಾನೇ ಉತ್ತರ ಹೇಳಿಕೊಂಡು, ಮೊದಲು ನ್ಯೂಟ್ರಲ್, ಆಮೇಲೆ ಪಂಪಿನ ಹಿಡಿ, ಆಮೇಲೆ ಗೇರು ಹಾಕಿದೆ. ಪಂಪು ನರಳಿತು, ಕೆಮ್ಮಿತು, ಹಿಡಿದುಕೊಂಡಿತು. ಅಲ್ವೀನಾ ಕೊಳವೆ ಎಳೆದುಕೊಂಡು ಹಿತ್ತಲಿಗೆ ಓಡಿದಳು. ಅಷ್ಟರಲ್ಲಿ ವೆರ್ನಾ ಒದ್ದೆ ಟವೆಲನ್ನು ಮುಖಕ್ಕೆ ಕಟ್ಟಿಕೊಂಡು ಮುಂಬಾಗಿಲಿನಿಂದ ಒಳಗೆ ಹೋಗಿದ್ದಳು. ನಾನು ಪಂಪಿನ ಬಳಿ ನಿಂತಿದ್ದೆ, ಆಮೋಸಜ್ಜನ ಕೋಣೆಯ ಕಿಟಕಿ ಅಲ್ಲಿಂದ ಹತ್ತು ಅಡಿ. ಅವರ ಮಾತು ನನಗೆ ಚೆನ್ನಾಗಿ ಕೇಳಿಸಿತು.

"ನನ್ನ ಮುಟ್ಟಬೇಡಿ. ನಾನು ಒಳಚಡ್ಡಿಯಲ್ಲಿದೀನಿ. ಗಂಡಸರನ್ನ ಕರೀರಿ" ಎಂದ ಅಜ್ಜ.

"ಗಂಡಸರು ಜಿಂಕೆ ಹಿಂದೆ ಹೋಗಿದಾರೆ ಅಜ್ಜ. ಈಗ ಎತ್ಕೊಂಡು ಹೋಗ್ಲೋ, ಸುಟ್ಟ ಮೇಲೆ ಗುಡಿಸ್ಕೊಂಡು ಹೋಗ್ಲೋ, ಬೇಗ ಹೇಳಿ."

ನಂತರ ಅಜ್ಜನ ಧ್ವನಿ, ಸಣ್ಣಗೆ: "ಕಂಬಳಿನಾದ್ರೂ ಹೊದಿಸು ಮಾರಾಯ್ತಿ."

ಅವಳು ಕಂಬಳಿ ಹೊದಿಸಿ, ಮೂಟೆಯಂತೆ ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದಳು. ಆಗ ಅವಳಿಗೆ ಐವತ್ತಾರು ವರ್ಷ. ಅಜ್ಜನನ್ನು, ನಮ್ಮ ಹಿಂದೆಯೇ ಬಂದಿದ್ದ ಪಾದ್ರಿಗಳ ಕಾರಿನಲ್ಲಿ ಕೂರಿಸಿ, ಕೆಮ್ಮುತ್ತಾ ಹಿತ್ತಲಿಗೆ ಹೋಗಿ ಅಲ್ವೀನಾ ಜೊತೆ ಕೊಳವೆ ಹಿಡಿದಳು. ಎಂಜಿನ್ನಿನ ನೀರು ಮುಗಿಯುವ ಮುಂಚೆ ಮೂಲೆಯ ನೀರಿನ ಕಂಬಕ್ಕೆ ಕೊಳವೆ ಜೋಡಿಸಬೇಕಿತ್ತು. ತಿರುಪು ತುಕ್ಕು ಹಿಡಿದಿತ್ತು. ದಳದ ಅಡುಗೆಮನೆಯಿಂದ ಓಡಿಬಂದಿದ್ದ ಇನ್ನಿಬ್ಬರು ಹೆಂಗಸರು ನನ್ನ ಜೊತೆ ಸ್ಪಾನರಿಗೆ ನೇತುಬಿದ್ದರು. ಮೂವರ ಭಾರಕ್ಕೆ ಅದು ತಿರುಗಿತು. ಆ ಕಂಬಗಳಿಗೆ ಎಣ್ಣೆ ಹಾಕುವುದು ದಳದ ಕರ್ತವ್ಯವೆಂದು ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿದೆ. ಬಣ್ಣ ಹೊಡೆಯುವುದರ ಬಗ್ಗೆ ಏನೂ ಇಲ್ಲ.

ನಲವತ್ತು ನಿಮಿಷದಲ್ಲಿ ಬೆಂಕಿ ಆರಿತು. ಆಮೋಸಜ್ಜನ ಅಡುಗೆಮನೆ ಹೋಯಿತು, ಮನೆ ಉಳಿಯಿತು. ಉಳಿದ ಐದು ಮನೆಗಳಿಗೆ ಮಸಿ ಮಾತ್ರ ಹತ್ತಿತು. ಒಂದು ವಿಷಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಮೈಯೆಲ್ಲ ಒದ್ದೆಯಾಗಿ, ಎಂಜಿನ್ ಓಡಿಸಿಕೊಂಡು ಹಿಂದಿರುಗುವಾಗ ನನಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಒಬ್ಬ ಮುದುಕನ ಮನೆ ಸುಟ್ಟ ದಿನ ಹೀಗೆ ಸಂತೋಷಪಡಬಾರದೆಂದು ನನಗೆ ನಾಚಿಕೆಯೂ ಆಯಿತು. ಆದರೆ ವೆರ್ನಾ ನನ್ನ ಪಕ್ಕದಲ್ಲಿ ಕೂತು, ಮಸಿ ಮೆತ್ತಿದ ಮುಖದಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಅವಳಿಗೂ ಹಾಗೇ ಆಗಿತ್ತು.

ಸಂಜೆ ನೀವೆಲ್ಲ ಬಂದಿರಿ. ಮೂರು ಜಿಂಕೆಗಳು ಕಾರುಗಳ ಮೇಲೆ. ಎಂಜಿನ್ ಒದ್ದೆಯಾಗಿ ನಿಂತಿರುವುದನ್ನು ನೋಡಿದಿರಿ, ಕೊಳವೆಗಳು ಒಣಗುತ್ತಿರುವುದನ್ನು ನೋಡಿದಿರಿ, ನಮ್ಮ ಮುಖಗಳನ್ನು ನೋಡಿದಿರಿ. ನಂತರ ನಿಮ್ಮಲ್ಲೊಬ್ಬರು ಕೇಳಿದ ಮೊದಲ ಪ್ರಶ್ನೆ, "ಊಟ ಇನ್ನೂ ಆಗಿಲ್ವಾ?"

ಹೆಸರು ಹೇಳುವುದಿಲ್ಲ. ಕೇಳಿದವರು ಮುಂದೆ ಅಧ್ಯಕ್ಷರಾದರು.

ಆ ವಾರದ ಗುರುವಾರ ದಳದ ಸಭೆ ನಡೆಯಿತು. ಆಗ ನೀವು ಕಾರ್ಯದರ್ಶಿಗಳು, ನಡಾವಳಿ ಬರೆಯುತ್ತಿದ್ದವರು ನೀವೇ. ಆ ಪುಟವನ್ನು ಕಳೆದ ತಿಂಗಳು ನಾನು ನಿಮ್ಮ ಕಚೇರಿಯಲ್ಲಿ ನಿಂತು ನಕಲು ಮಾಡಿಕೊಂಡೆ. ಅದರಲ್ಲಿ ಹೀಗಿದೆ: "ಕೆನಾಲ್ ಬೀದಿಯಲ್ಲಿ ಬೆಂಕಿ. ಆರಿಸಲಾಯಿತು. ಹಾಜರಿದ್ದ ಸದಸ್ಯರು ಇಬ್ಬರು." ಇಬ್ಬರೂ ಸಜ್ಜನರು, ಅವರ ಬಗ್ಗೆ ನನಗೆ ಗೌರವವಿದೆ. ಒಬ್ಬರು ಕುರ್ಚಿಯಲ್ಲಿದ್ದರು, ಇನ್ನೊಬ್ಬರು ಕಾರಿನಲ್ಲಿದ್ದರು. ಅದರ ಕೆಳಗೆ ಮಡ್‌ಗಾರ್ಡಿನ ಗೀರಿನ ಬಗ್ಗೆ ಒಂದೂವರೆ ಪುಟ ಚರ್ಚೆ. ಅದರ ಕೆಳಗೆ ನಿರ್ಣಯ: ಸಹಾಯಕ ಸಂಘದವರು ಎಂಜಿನ್ನನ್ನು ಮುಟ್ಟಕೂಡದು, ಅದರ ಬೀಗದ ಕೈಯನ್ನು ಅಡುಗೆಮನೆಯ ಮೊಳೆಯಿಂದ ತೆಗೆದು ಬೇರೆಡೆ ಇಡತಕ್ಕದ್ದು. ಸರ್ವಾನುಮತದಿಂದ ಅಂಗೀಕಾರ. ಆ ವರ್ಷದ ಬೇಸಿಗೆಯಲ್ಲಷ್ಟೇ ವಾಷಿಂಗ್ಟನ್ನಿನಲ್ಲಿ, ಹೆಂಗಸೆಂಬ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲವೆಂದು ಕಾನೂನು ಆಗಿತ್ತು. ನಮ್ಮ ಕಣಿವೆಗೆ ಅಂಚೆ ಸ್ವಲ್ಪ ನಿಧಾನ.

ಸರ್ವಾನುಮತ ಎಂದರೆ ಕ್ಲೇರ್‌ನದೂ ಸೇರಿತು. ಅವನು ಮನೆಗೆ ಬಂದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. "ನೀನೂ ಕೈ ಎತ್ತಿದ್ಯಾ?" ಎಂದು ಕೇಳಿದೆ.

"ಎಲ್ರೂ ಎತ್ತಿದ್ರು."

"ನಾನು ಎಲ್ಲರನ್ನ ಕೇಳ್ಲಿಲ್ಲ."

ಅವನು ಒರೆಸುವ ಬಟ್ಟೆ ತೆಗೆದುಕೊಂಡು, ತಟ್ಟೆಗಳನ್ನು ಒಂದೊಂದಾಗಿ ಒರೆಸಿಟ್ಟ. ಮದುವೆಯಾದ ಮೇಲೆ ಅವನು ತಟ್ಟೆ ಒರೆಸಿದ್ದು ಅದೇ ಮೊದಲು. ನನಗೆ ಬೇಕಿದ್ದದ್ದು ಅದಲ್ಲ.

ಆಮೇಲೆ ಊರು ಆ ದಿನಕ್ಕೆ "ಊಟ ತಡವಾದ ದಿನ" ಎಂದು ಹೆಸರಿಟ್ಟು ನಕ್ಕಿತು. ನಾವೂ ನಕ್ಕೆವು. ನಗದಿದ್ದರೆ ಮುಖ ಊದಿಸಿಕೊಂಡಿದ್ದಾಳೆ ಎನ್ನುತ್ತಿದ್ದರು. ವೆರ್ನಾ ಆ ಹೊಗೆಯಿಂದ ಇಡೀ ಚಳಿಗಾಲ ಕೆಮ್ಮಿದಳು, ಕೇಳಿದವರಿಗೆ ನೆಗಡಿ ಎಂದಳು. ಆಮೋಸಜ್ಜ ಇನ್ನೂ ನಾಲ್ಕು ವರ್ಷ ಬದುಕಿದ, ಪ್ರತಿ ಕ್ರಿಸ್‌ಮಸ್ಸಿಗೆ ವೆರ್ನಾಗೆ ಒಂದು ಡಬ್ಬಿ ಬಿಸ್ಕತ್ತು ಕಳಿಸಿದ, ಬೆಂಕಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಈಗ ನಿಮ್ಮ ಪತ್ರಕ್ಕೆ ಮರಳುತ್ತೇನೆ. ಅದು ಬಂದ ದಿನ ಮಾರ್ಲಾ ಅಡುಗೆಮನೆಯ ಮೇಜಿಗೆ ಕೂತು ಓದಿದಳು. ಶಕ್ತಿಯ ಮಾತಿಗೆ ನಕ್ಕಳು, ಶೌಚಾಲಯದ ಮಾತಿಗೆ ಜೋರಾಗಿ ನಕ್ಕಳು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

"ಅಮ್ಮ, ಇದು ನಿಜಾನಾ? ತೊಂಬತ್ತೊಂದು ವರ್ಷದಲ್ಲಿ ಒಬ್ಬಳೂ ಮಾಡಿಲ್ವಾ?"

ಬೆಂಕಿಯ ದಿನ ಮಾರ್ಲಾಗೆ ಹತ್ತು ವರ್ಷ, ಬೆಟ್ಟದ ಮೇಲೆ ನನ್ನ ಅಮ್ಮನ ಮನೆಯಲ್ಲಿದ್ದಳು. ಊರಿನ ಎಲ್ಲರಂತೆ ಅವಳಿಗೂ ಗೊತ್ತಿದ್ದದ್ದು ಊಟ ತಡವಾದದ್ದು ಮಾತ್ರ. ನಾನು ಹೇಳಿರಲಿಲ್ಲ. ಕ್ಲೇರ್‌ಗೆ ಮುಜುಗರವಾದೀತು ಎಂದು ಹೇಳಲಿಲ್ಲ, ಜಂಬ ಕೊಚ್ಚಿದಂತಾದೀತು ಎಂದು ಹೇಳಲಿಲ್ಲ, ಮಡ್‌ಗಾರ್ಡಿನ ವಿಷಯ ಬರುತ್ತದೆಂದು ಹೇಳಲಿಲ್ಲ. ಅಮ್ಮ ಕ್ರೇನಿನ ಬಗ್ಗೆ ಸುಮ್ಮನಿದ್ದದ್ದಕ್ಕೆ ಅಷ್ಟು ಸಿಟ್ಟಾದವಳು ನಾನೂ ಹನ್ನೆರಡು ವರ್ಷ ಸುಮ್ಮನಿದ್ದೆ. ಮಾನ್ಯರೇ, ಆ ಪುಟವನ್ನು ಖಾಲಿ ಬಿಟ್ಟವರು ನೀವು ಹೌದು. ಆದರೆ ಅದು ಖಾಲಿಯಾಗಿಯೇ ಉಳಿಯಲು ನಾನು ನಿಮಗೆ ಚೆನ್ನಾಗಿ ಸಹಾಯ ಮಾಡಿದ್ದೇನೆ. ಸಹಾಯಕ ಸಂಘ ಎಂಬ ಹೆಸರು ಅನ್ವರ್ಥವೇ.

ಅಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಹೋಗಿ ವೆರ್ನಾಳನ್ನು ಕರೆದುಕೊಂಡು ಬಂದಳು. ವೆರ್ನಾಗೆ ಈಗ ಅರವತ್ತೆಂಟು. ಅವಳು ನಿಮ್ಮ ಪತ್ರವನ್ನು ಕನ್ನಡಕ ಏರಿಸಿ ಓದಿ, ಮಡಚಿ, "ಅಜ್ಜನ ಭಾರ ನೂರ ಎಪ್ಪತ್ತು ಪೌಂಡ್ ಇತ್ತು. ಅದನ್ನೂ ಬರಿ" ಎಂದಳು. ಬರೆದಿದ್ದೇನೆ.

ಕ್ಲೇರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮಾರ್ಲಾಳ ಅರ್ಜಿಯ ಮೇಲೆ ಮತ ಹಾಕಿದ ಸಭೆಯಲ್ಲಿ ಅವನೂ ಇದ್ದ, ಆದರೆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. "ಪರವಾಗಿ ಎಷ್ಟು ಮತ ಬಂತು?" ಎಂದು ನಾನು ಕೇಳಿದೆ.

"ಒಂದು."

"ಯಾರದು?"

"ನಂದು."

"ಹನ್ನೆರಡು ವರ್ಷ ತಡ ಆಯ್ತು, ಕ್ಲೇರ್."

"ಗೊತ್ತು" ಎಂದ. ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತ. "ಪಂಪಿನ ಪರೀಕ್ಷೇಲಿ ನಾನು ಪಾಸಾಗಿದ್ದೇ ನಿಮ್ಮಮ್ಮನಿಂದ. ಅದನ್ನೂ ಅಲ್ಲಿ ಹೇಳಿಬಂದೆ. ಎಲ್ರೂ ನಕ್ಕರು." ಹತ್ತೊಂಬತ್ತು ವರ್ಷ ಜೊತೆಗೆ ಬೆಂಕಿಗೆ ಹೋದವರು ತನ್ನನ್ನು ನೋಡಿ ನಕ್ಕದ್ದರಿಂದ ಅವನಿಗೆ ಎಷ್ಟು ನೋವಾಗಿದೆಯೆಂದು ಅವನ ಕಿವಿಗಳ ಬಣ್ಣ ಹೇಳುತ್ತಿತ್ತು. ನಾನು ಅವನ ಮೇಲಿನ ಹಳೆಯ ಸಿಟ್ಟನ್ನು ಪೂರ್ತಿ ಬಿಟ್ಟಿಲ್ಲ. ಅರ್ಧ ಬಿಟ್ಟಿದ್ದೇನೆ.

ಇಲ್ಲಿಗೆ ನನ್ನ ಅಹವಾಲು ಮುಗಿಯಿತು, ಇನ್ನು ಬೇಡಿಕೆ. ಮಗಳನ್ನು ಸೇರಿಸಿಕೊಳ್ಳಿ ಎಂದು ಕೇಳುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ದಳಕ್ಕೆ ಹಣ ಕೂಡಿಸುವ ಬೇಸಿಗೆಯ ಕೋಳಿ ಊಟಕ್ಕೆ ಅಡುಗೆ ಮಾಡುವುದಿಲ್ಲವೆಂದು ಸಂಘದವರು ಮುಷ್ಕರ ಹೂಡುತ್ತಾರೆ ಎಂದು ಹೆದರಿದ್ದರೆ, ಅದೂ ಇಲ್ಲ. ಕೋಳಿಗಳು ಏನು ತಪ್ಪು ಮಾಡಿವೆ ಎಂದು ವೆರ್ನಾ ಕೇಳುತ್ತಾಳೆ. ನಾನು ಕೇಳುವುದು ಇಷ್ಟು. ಜೂನ್ ತಿಂಗಳ ಸಭೆಯಲ್ಲಿ, ಬಾಗಿಲು ತೆರೆದಿಟ್ಟು, ಬಂದವರೆಲ್ಲರ ಮುಂದೆ, 1964ರ ನಡಾವಳಿಯ ಆ ಪುಟವನ್ನು ತೆಗೆದು, ನೀವೇ ಬರೆದ ಸಾಲಿನ ಕೆಳಗೆ, ನಿಮ್ಮದೇ ಕೈಯಿಂದ, ಎಂಜಿನ್ನಿನಲ್ಲಿ ಹೋದ ಮೂವರ ಹೆಸರು ಬರೆಯಿರಿ. ವೆರ್ನಾ ಗೆರಿಂಗರ್. ಅಲ್ವೀನಾ ಫ್ರೈ. ಲೊರೇನಾ ಸ್ಟಾಲ್ನೆಕರ್. ಇಂಥವರ ಪತ್ನಿ ಎಂದು ಬೇಡ, ಹೆಸರನ್ನೇ ಬರೆಯಿರಿ. ಅಲ್ವೀನಾ ತೀರಿಹೋಗಿ ಮೂರು ವರ್ಷವಾಯಿತು, ಅವಳ ಹೆಸರನ್ನು ಮೊದಲು ಬರೆದರೂ ನಮ್ಮಿಬ್ಬರ ಅಭ್ಯಂತರವಿಲ್ಲ.

ಮಾರ್ಲಾಳ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಮೇ ಆರರಂದು ಅವಳು ನದಿಯಾಚೆಯ ಮಿಲ್‌ಬಾಕ್ ದಳದ ಮುಖ್ಯಸ್ಥರನ್ನು ನೋಡಲು ಹೋದಳು. ಅಲ್ಲೂ ನಮ್ಮದೇ ಕಷ್ಟ: ಗಂಡಸರೆಲ್ಲ ದೂರದ ಕಾರ್ಖಾನೆಗಳಿಗೆ ಹೋಗುತ್ತಾರೆ, ಹಗಲು ಹೊತ್ತು ಸೈರನ್ ಕೂಗಿದರೆ ಬರುವವರಿಲ್ಲ. ಮುಖ್ಯಸ್ಥರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಗಲು ಹೊತ್ತು ಇಲ್ಲೇ ಹತ್ತಿರದಲ್ಲಿ ಇರ್ತೀಯಾ?" ಎಂದು ಕೇಳಿದರಂತೆ.

"ಇರ್ತೀನಿ. ಸೇತುವೆ ದಾಟಿದ್ರೆ ನಾಲ್ಕು ನಿಮಿಷ."

"ಹಾಗಾದ್ರೆ ಬೂಟಿನ ಅಳತೆ ಹೇಳು."

ಇಷ್ಟೇ ಸಂದರ್ಶನ. ಈಗ ಅವಳು ವಾರಕ್ಕೆರಡು ಸಂಜೆ ಅಲ್ಲಿ ಪಂಪು ಕಲಿಯುತ್ತಿದ್ದಾಳೆ. ಕ್ಲೇರ್ ಕೈಪಿಡಿ ಹಿಡಿದು ಪ್ರಶ್ನೆ ಕೇಳುತ್ತಾನೆ.

ನಿಮ್ಮ ದಳದಲ್ಲೂ ಹಗಲು ಜನವಿಲ್ಲವಾದ್ದರಿಂದ, ಬೆಂಕಿ ಬಿದ್ದರೆ ನೀವು ಕರೆಯುವುದು ಮಿಲ್‌ಬಾಕ್‌ನವರನ್ನೇ; ಹಾಗೆಂದು ಎರಡು ಊರುಗಳ ನಡುವೆ ಒಪ್ಪಂದವಿದೆ, ಅದಕ್ಕೆ ನಿಮ್ಮ ಸಹಿಯೂ ಇದೆ. ಒಂದಲ್ಲ ಒಂದು ದಿನ, ಯಾರದೋ ಮನೆಯಿಂದ, ಅದು ನಿಮ್ಮದೇ ಆಗದಿರಲಿ ಎಂದು ನಿಜವಾಗಿಯೂ ಹಾರೈಸುತ್ತೇನೆ, ಹೊಗೆ ಏಳುತ್ತದೆ. ಸೇತುವೆ ದಾಟಿ ಅವರ ಎಂಜಿನ್ ಬರುತ್ತದೆ. ಅದರಿಂದ ನನ್ನ ಮಗಳು ಇಳಿದಾಗ, ಮಂಡಳಿಯ ಅನುಮತಿಗಾಗಿ ಅವಳನ್ನು ನಿಲ್ಲಿಸಬೇಡಿ. ದಾರಿ ಬಿಡಿ.

ಇಂತಿ,
ವಿಧೇಯಳು ಎಂದು ಬರೆಯುವ ವಯಸ್ಸು ದಾಟಿದ,
ಲೊರೇನಾ ಸ್ಟಾಲ್ನೆಕರ್
ಮೂರನೇ ನಂಬರಿನ ಶಾಲಾ ಬಸ್ಸು, ಕ್ರೈಡರ್ಸ್ ಗ್ಯಾಪ್, ಪೆನ್ಸಿಲ್ವೇನಿಯಾ
ಮೇ 1976